ಅಪಲೇಚಿಯನ್ ಟ್ರೇಲ್ ನಡೆಯುತ್ತಿರುವ ಮಗಳ ಜೊತೆ ಒಂದು ದಿನ ಸಿಕ್ಕಿದೆ, ಹೇಗೆ ಕಳೆಯೋದು?

ಅಮೆರಿಕದ ಪೂರ್ವದ ಬೆಟ್ಟಗಳ ಉದ್ದಕ್ಕೂ ಹೋಗುವ ಆ ಕಾಲುದಾರಿಯಲ್ಲಿ ಜಾರ್ಜಿಯಾದಿಂದ ನಡೆದು ಬರುತ್ತಿರುವ ಮಗಳು ವೆಸ್ಟ್ ವರ್ಜೀನಿಯಾದ ಹಾರ್ಪರ್ಸ್ ಫೆರಿ ಊರಿನಲ್ಲಿ ಒಂದು ದಿನ ನಿಲ್ಲುತ್ತಾಳೆ, ನಾವು ಗಂಡ ಹೆಂಡತಿ ಅಲ್ಲಿಗೆ ಹೋಗುತ್ತಿದ್ದೇವೆ, ಏನು ತಿಂಡಿ ಒಯ್ಯಲಿ, ಎಲ್ಲೆಲ್ಲಿ ಸುತ್ತಾಡಿಸಲಿ ಅಂತ ಕೇಳಿದ್ದೀರಿ. ಸುತ್ತಾಡಿಸೋದನ್ನು ದಯವಿಟ್ಟು ಬಿಟ್ಟುಬಿಡಿ. ನಾನೂ ಆ ಟ್ರೇಲ್ ನಡೆದಿದ್ದೇನೆ. ನನ್ನ ಅಪ್ಪ ಅಮ್ಮನೂ ಅದೇ ಊರಿಗೆ ಬಂದಿದ್ದರು.

ನಿಮ್ಮ ಮಗಳು ಅಷ್ಟು ಹೊತ್ತಿಗೆ ಸಾವಿರ ಮೈಲಿ ದಾಟಿರುತ್ತಾಳೆ. ಅದರಲ್ಲಿ ವರ್ಜೀನಿಯಾದ್ದೇ ಸುಮಾರು 550 ಮೈಲಿ. ಆ ರಾಜ್ಯ ಮುಗಿಯುವ ಮೊದಲು ರೋಲರ್ ಕೋಸ್ಟರ್ ಅಂತ ಒಂದು ಭಾಗ ಬರುತ್ತದೆ. ಹದಿಮೂರು ಮೈಲಿಗೂ ಜಾಸ್ತಿ, ಬರೀ ಹತ್ತೋದು ಇಳಿಯೋದು. ಟ್ರೇಲಿನಲ್ಲಿ ಒಂದು ಹೆಜ್ಜೆಯೂ ಮುಂದೆ ಹೋಗದೆ ಊರಿನಲ್ಲಿ ನಿಲ್ಲುವ ಇಂಥ ದಿನಕ್ಕೆ ಅಲ್ಲಿ ಝೀರೋ ಡೇ ಅಂತಾರೆ. ಅದು ಕಾಲಿಗೆ ವಿಶ್ರಾಂತಿಯ ದಿನ. ವಾಷಿಂಗ್ಟನ್ ಹತ್ತಿರವೇ ಇದೆಯಲ್ಲಾ, ಒಂದು ಮ್ಯೂಸಿಯಂ ನೋಡಿ ಬರೋಣ ಅಂತ ಹೊರಟರೆ ಆ ದಿನ ಹಾಳಾದ ಹಾಗೆ.

ಮೊದಲು ರೂಮು. ನೆಲಮಹಡಿಯಲ್ಲೇ ತೆಗೆದುಕೊಳ್ಳಿ. ಬೆಳಿಗ್ಗೆ ಎದ್ದಾಗ ಪಾದ ಊರೋಕೇ ಆಗಲ್ಲ, ಮೆಟ್ಟಿಲು ಅಂದರೆ ಅಳು ಬರುತ್ತದೆ. ಕ್ಯಾನ್ಸಲ್ ಮಾಡೋಕೆ ಆಗುವಂಥ ಬುಕಿಂಗ್ ಇರಲಿ. ನಡೆಯುವವರು ಊರು ಹೇಳಬಹುದು, ತಾರೀಖು ಹೇಳೋದು ಕಷ್ಟ. ಒಂದು ಮಳೆ ಬಂದರೆ ಸಾಕು, ಎಲ್ಲ ಹಿಂದೆ ಮುಂದೆ ಆಗುತ್ತದೆ. ಬ್ಯಾಗಿನ ಪಟ್ಟಿಗಳು ಎಷ್ಟು ತೊಳೆದರೂ ಬೆವರಿನ ವಾಸನೆ ಬಿಡಲ್ಲ, ಅದನ್ನು ಡಿಕ್ಕಿಯಲ್ಲಿ ಇಡಿ. ಮನೆಯಿಂದ ಅವಳ ಹಳೇ ಶೂ ತರಬೇಡಿ. ಇಷ್ಟು ನಡೆದ ಮೇಲೆ ಪಾದ ಊದಿ ಅರ್ಧ ಸೈಜಾದರೂ ದೊಡ್ಡದಾಗಿರುತ್ತದೆ. ಸಡಿಲವಾದ ಚಪ್ಪಲಿ ತನ್ನಿ.

ಇನ್ನು ಊಟ. ದಿನಕ್ಕೆ ನಾಲ್ಕೈದು ಸಾವಿರ ಕ್ಯಾಲೊರಿ ಕರಗುತ್ತಿರುತ್ತದೆ. ವಾರಗಟ್ಟಲೆ ನೂಡಲ್ಸ್, ಕಡಲೆಕಾಯಿ ಬೆಣ್ಣೆ, ಒಣ ರೊಟ್ಟಿ ತಿಂದ ಬಾಯಿಗೆ ಕೋಡುಬಳೆ ಚಕ್ಕುಲಿ ಬೇಕಿಲ್ಲ, ಒಣಗಿದ್ದು ಸಾಕಾಗಿರುತ್ತದೆ. ಬಿಸಿ ಅನ್ನ, ತಿಳಿಸಾರು, ಸೌತೆಕಾಯಿ ಕೋಸಂಬರಿ, ಗಟ್ಟಿ ಮೊಸರು, ಹಣ್ಣು. ಸಣ್ಣ ಎಲೆಕ್ಟ್ರಿಕ್ ಕುಕ್ಕರ್ ಒಯ್ದರೆ ರೂಮಿನಲ್ಲೇ ಆಗುತ್ತದೆ. ನಾನು ಅವತ್ತು ಪಾತ್ರೆಯಲ್ಲಿದ್ದ ಮೊಸರನ್ನ ಪೂರ್ತಿ ಖಾಲಿ ಮಾಡಿ, ಒಂದು ಗಂಟೆ ಬಿಟ್ಟು ಮತ್ತೆ ತಟ್ಟೆ ಹಿಡಿದಿದ್ದೆ. ಅಮ್ಮ ಏನೂ ಕೇಳದೆ ಮತ್ತೆ ಅಕ್ಕಿ ತೊಳೆದರು.

ಕಟ್ಟಿಕೊಡೋದು ಮಾತ್ರ ಕಮ್ಮಿ ಇರಲಿ. ಒಂದು ದಿನದ ಊಟವೇ ಮುಕ್ಕಾಲು, ಒಂದು ಕೆಜಿ ತೂಗುತ್ತದೆ, ಎಲ್ಲವನ್ನೂ ಅವಳೇ ಹೊರಬೇಕು. ಜಿಪ್ ಕವರಿನಲ್ಲಿ ಒಂದು ಹಿಡಿ ಚಟ್ನಿಪುಡಿ, ಸ್ವಲ್ಪ ಗೊಜ್ಜವಲಕ್ಕಿ ಸಾಕು. ಡಬ್ಬ ಬೇಡ.

ಉಣ್ಣೆ ಹುಳುವಿನ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಅಲ್ಲಿ ಅದು ಕಚ್ಚಿದರೆ ಲೈಮ್ ಕಾಯಿಲೆ ಬರಬಹುದು. ಮರಿ ಉಣ್ಣೆ ಗಸಗಸೆ ಕಾಳಿನಷ್ಟೇ ಇರುತ್ತದೆ. ಒಬ್ಬರೇ ನಡೆಯುವವರಿಗೆ ತಮ್ಮ ಬೆನ್ನು, ಕಿವಿ ಹಿಂದೆ, ಕೂದಲ ಬುಡ ಕಾಣಲ್ಲ. ಅಮ್ಮಂದಿರು ನೋಡಬೇಕಾದ್ದು ಇದು. ಸ್ನಾನ ಆದ ಮೇಲೆ ಕೂರಿಸಿಕೊಂಡು ತಲೆ ಬಾಚಿ, ಬೈತಲೆ ಬೈತಲೆ ತೆಗೆದು ನೋಡಿ. ಒಣಗಿದ ಬಟ್ಟೆಯಾದರೆ ಒಗೆಯುವ ಮೊದಲೇ ಡ್ರೈಯರಿನಲ್ಲಿ ಹತ್ತು ನಿಮಿಷ ಜಾಸ್ತಿ ಬಿಸಿಯಲ್ಲಿ ಹಾಕಿ. ಉಣ್ಣೆ ಸಾಯುತ್ತದೆ.

ಅವಳು ತೆಳ್ಳಗಾಗಿರುತ್ತಾಳೆ. ಕಾಲಿನ ಒಂದೆರಡು ಬೆರಳಿನ ಉಗುರು ಕಪ್ಪಾಗಿರಬಹುದು, ಬಿದ್ದೂ ಹೋಗಿರಬಹುದು. ನಿಮ್ಮ ಕರುಳು ಚುರ್ ಅನ್ನುತ್ತದೆ, "ಸಾಕು ಬಾರೇ ಮನೆಗೆ" ಅಂತ ಬಾಯಿಗೆ ಬರುತ್ತದೆ. ಆ ಒಂದು ಮಾತು ಮಾತ್ರ ಆಡಬೇಡಿ. ಬಿಟ್ಟುಬಿಡೋಣ ಅನ್ನಿಸೋದು ಕಾಡಿನಲ್ಲಿ ಅಲ್ಲ, ಮೆತ್ತನೆ ಹಾಸಿಗೆ ಮೇಲೆ, ಮನೆಯವರ ಮಧ್ಯೆ. ಅವಳಾಗಿ ಸಾಕು ಅಂದರೆ ಅದು ಬೇರೆ, ಆಗ ಕರೆದುಕೊಂಡು ಬನ್ನಿ. ನನ್ನ ಅಪ್ಪ ನನ್ನ ಪಾದ ನೋಡಿ ಒಂದು ಮಾತೂ ಆಡಲಿಲ್ಲ. ಹೊರಗೆ ಹೋಗಿ ಕೂತು, ಕಾರಿನ ಕೀಲಿಯಿಂದ ಶೂ ಅಡಿಯ ಕೆಸರು ಕೆರೆದು, ಒಳಗಿನ ಅಟ್ಟೆ ತೆಗೆದು ಬಿಸಿಲಿಗೆ ಇಟ್ಟರು. ನನಗೆ ಅದಕ್ಕಿಂತ ದೊಡ್ಡ ಧೈರ್ಯ ಬೇಕಿರಲಿಲ್ಲ.

ಮಧ್ಯಾಹ್ನ ಅವಳಿಗೆ ಮನಸ್ಸಿದ್ದರೆ ಟ್ರೇಲ್ ನೋಡಿಕೊಳ್ಳುವ ಸಂಸ್ಥೆಯಾದ ಟ್ರೇಲ್ ಕನ್ಸರ್ವೆನ್ಸಿಯ ಆಫೀಸಿಗೆ ಹೋಗಿ, ಅಲ್ಲಿ ನಡೆಯುವವರ ಫೋಟೋ ತೆಗೆದು ಆಲ್ಬಮ್ಮಿನಲ್ಲಿ ಇಡುತ್ತಾರೆ. ರಾತ್ರಿ ಎಂಟೂವರೆಗೆ ಮಲಗಿಬಿಟ್ಟರೆ ಬೇಜಾರು ಮಾಡಿಕೊಳ್ಳಬೇಡಿ, ಟ್ರೇಲಿನಲ್ಲಿ ಒಂಬತ್ತು ಗಂಟೆ ಅಂದರೇ ನಡುರಾತ್ರಿ.

ಜೊತೆಯಲ್ಲಿ ನಡೆಯಬೇಕು ಅಂತ ಆಸೆ ಇದ್ದರೆ ಮಾರನೇ ದಿನ ಬೆಳಿಗ್ಗೆ ನಡೆಯಿರಿ. ಪೊಟೊಮ್ಯಾಕ್ ನದಿಯ ಸೇತುವೆ ದಾಟಿದರೆ ಮೇರಿಲ್ಯಾಂಡ್. ಅಲ್ಲಿಂದ ಎರಡು ಮೂರು ಮೈಲಿ ಹಳೇ ಕಾಲುವೆ ಪಕ್ಕದ ಸಮತಟ್ಟು ದಾರಿ, ವಯಸ್ಸಾದವರಿಗೂ ಸಲೀಸು. ಮುಂದೆ ವೆವರ್ಟನ್ ಬಂಡೆಗಳ ಏರು ಶುರುವಾಗುತ್ತದೆ, ನೀವು ಅಲ್ಲಿಂದ ವಾಪಸ್ ಬನ್ನಿ. ಅವಳ ದೊಡ್ಡ ಬ್ಯಾಗು ನಿಮ್ಮ ಕಾರಿನಲ್ಲೇ ಇರಲಿ. ನೀರು, ತಿಂಡಿ, ಮಳೆ ಜಾಕೆಟ್ ಮಾತ್ರ ಹೊತ್ತು ಅವಳು ನಡೆಯಲಿ. ಹಾರ್ಪರ್ಸ್ ಫೆರಿಯಿಂದ ಸುಮಾರು ಹತ್ತು ಮೈಲಿಗೆ ಗ್ಯಾಥ್‌ಲ್ಯಾಂಡ್ ಪಾರ್ಕ್ ಬರುತ್ತದೆ, ರಸ್ತೆ ಪಕ್ಕದಲ್ಲೇ ಒಂದು ದೊಡ್ಡ ಕಲ್ಲಿನ ಕಮಾನು ಇದೆ, ಗುರುತು ಸುಲಭ. ಮಧ್ಯಾಹ್ನ ಅಲ್ಲಿ ಕಾದು, ಉಳಿದ ಅನ್ನ ಹಾಕಿ, ಬ್ಯಾಗು ಕೊಟ್ಟು ಕಳಿಸಿ.