ಕೆಚ್ಚಲು ಬಾವಿಗೆ ಟ್ಯೂಬ್ ಹಾಕಿದರೆ ಎರಡು ದಿನಕ್ಕೆ ವಾಸಿ, ತಿಂಗಳಿಗೆ ಮತ್ತೆ ಹಾಜರ್. ಇನ್ನೂ ಪವರ್ ಇರೋ ಆಂಟಿಬಯೋಟಿಕ್ ಯಾವುದು?

ನೀವು ಬರೆದಿರುವುದು ಇಷ್ಟು: ಎರಡನೇ ಸೂಲಿನ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ತಳಿಯ ಹಸು, ಹಿಂದಿನ ಬಲಗಡೆ ಮೊಲೆಗೆ ಈ ಸೂಲಿನಲ್ಲೇ ಮೂರನೇ ಸಲ ಬಾವು. ಮೆಡಿಕಲ್‌ನಿಂದ ಟ್ಯೂಬ್ (ತೊಟ್ಟಿನ ರಂಧ್ರದ ಮೂಲಕ ಕೆಚ್ಚಲೊಳಗೆ ಬಿಡುವ ಆಂಟಿಬಯೋಟಿಕ್) ತಂದು ಎರಡು ಹೊತ್ತು ಹಾಕುತ್ತೀರಿ, ಹಾಲು ಬೆಳ್ಳಗಾದ ತಕ್ಷಣ ನಿಲ್ಲಿಸುತ್ತೀರಿ, ಮತ್ತೆ ಹಾಲಿನಲ್ಲಿ ತರಿ (ಗಡ್ಡೆ ಗಡ್ಡೆ) ಬೀಳುತ್ತದೆ. ಯಾವ ಟ್ಯೂಬಿಗೆ ಹೆಚ್ಚು ಪವರ್, ಹಾಲನ್ನು ಡೈರಿಗೆ ಎಷ್ಟು ದಿನ ಹಾಕಬಾರದು ಎಂಬ ಎರಡು ಪ್ರಶ್ನೆ. ಪಶುವೈದ್ಯನಾಗಿ ಉತ್ತರಿಸುತ್ತಿದ್ದೇನೆ.

ಮೊದಲು ಆ ಪವರ್ ಎಂಬ ಮಾತನ್ನು ಬಿಡೋಣ. ಆಂಟಿಬಯೋಟಿಕ್ ಅಂದರೆ ಬೀಗಕ್ಕೆ ಕೀಲಿ ಇದ್ದಂತೆ. ಕೀಲಿ ದೊಡ್ಡದಿದ್ದ ಮಾತ್ರಕ್ಕೆ ಬೀಗ ತೆರೆಯುವುದಿಲ್ಲ. ಕೆಚ್ಚಲೊಳಗೆ ಕೂತಿರುವುದು ಸ್ಟ್ರೆಪ್ಟೊಕಾಕಸ್ ಅಗಲಾಕ್ಟಿಯೆ ಎಂಬ ಬ್ಯಾಕ್ಟೀರಿಯಾ ಆದರೆ ಹಳೇ ಪೆನಿಸಿಲಿನ್ನಿಗೇ ಸಾಮಾನ್ಯವಾಗಿ ಚೆನ್ನಾಗಿ ಬಗ್ಗುತ್ತದೆ. ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾ ಆದರೆ ಕೆಚ್ಚಲಿನ ಮಾಂಸದೊಳಗೆ ಸಣ್ಣ ಕೀವಿನ ಗೂಡು ಕಟ್ಟಿಕೊಂಡು ಕೂರುತ್ತದೆ. ಔಷಧ ಅಲ್ಲಿಗೆ ಸರಿಯಾಗಿ ತಲುಪುವುದೇ ಇಲ್ಲ, ಜೊತೆಗೆ ಅದರ ಎಷ್ಟೋ ತಳಿಗಳು ಪೆನಿಸಿಲಿನ್ ಅನ್ನು ಕತ್ತರಿಸಿ ಹಾಕುವ ಕಿಣ್ವವನ್ನೂ ತಯಾರಿಸುತ್ತವೆ. ಮೇಲಿನ ಹಾಲು ಬೆಳ್ಳಗಾಗುತ್ತದೆ, ಗೂಡು ಹಾಗೇ ಉಳಿಯುತ್ತದೆ. ನಿಮ್ಮ ಹಸುವಿನ ಲಕ್ಷಣ ಕೇಳಿದರೆ ನನ್ನ ಮೊದಲ ಅನುಮಾನ ಇದರ ಮೇಲೆಯೇ. ಮೂರನೆಯ ಸಾಧ್ಯತೆಯೂ ಉಂಟು: ತೊಟ್ಟನ್ನು ಸರಿಯಾಗಿ ಒರೆಸದೆ ಮತ್ತೆ ಮತ್ತೆ ಟ್ಯೂಬ್ ತೂರಿಸಿದಾಗ ಯೀಸ್ಟ್ ಎಂಬ ಶಿಲೀಂಧ್ರ ಒಳಸೇರುವುದು. ಯೀಸ್ಟಿಗೆ ಯಾವ ಆಂಟಿಬಯೋಟಿಕ್ಕೂ ನಾಟುವುದಿಲ್ಲ, ಹಾಕಿದಷ್ಟೂ ಕೆಡುತ್ತದೆ.

ಆದ್ದರಿಂದ ನಾಲ್ಕನೇ ಟ್ಯೂಬ್ ಕೊಳ್ಳುವ ಮೊದಲು ಹಾಲಿನ ಕಲ್ಚರ್, ಅಂದರೆ ಹಾಲಲ್ಲಿರುವ ಕ್ರಿಮಿಯನ್ನು ಲ್ಯಾಬಿನಲ್ಲಿ ಬೆಳೆಸಿ ಗುರುತಿಸುವ ಪರೀಕ್ಷೆ, ಮಾಡಿಸಿ. ಮಾದರಿಯನ್ನು ಔಷಧ ಹಾಕುವುದಕ್ಕೆ ಮುಂಚೆಯೇ ತೆಗೆಯಬೇಕು, ಆಮೇಲೆ ತೆಗೆದರೆ ಹಾಲಲ್ಲಿರುವ ಔಷಧವೇ ಲ್ಯಾಬಿನಲ್ಲಿ ಏನನ್ನೂ ಬೆಳೆಯಗೊಡುವುದಿಲ್ಲ. ಮನುಷ್ಯರ ಮೂತ್ರ ಪರೀಕ್ಷೆಗೆ ಕೊಡುವ ಸ್ಟೆರೈಲ್ ಡಬ್ಬಿ ಸಾಕು. ಕೆಚ್ಚಲು ಒಣಗಿರಲಿ. ಮೊದಲ ಮೂರು-ನಾಲ್ಕು ಧಾರೆ ಬೇರೆ ಪಾತ್ರೆಗೆ ಕರೆದು ಚೆಲ್ಲಿ. ಸ್ಪಿರಿಟ್ ಹತ್ತಿಯಿಂದ ತೊಟ್ಟಿನ ತುದಿಯನ್ನು, ಹತ್ತಿಯಲ್ಲಿ ಕೊಳೆ ಕಾಣದಾಗುವ ತನಕ ಉಜ್ಜಿ, ಆರಲು ಬಿಡಿ. ಡಬ್ಬಿಯನ್ನು ನೇರ ಹಿಡಿಯದೆ ಓರೆಯಾಗಿ ಹಿಡಿದು, ಕೂದಲು ಹೊಟ್ಟು ಬೀಳದ ಹಾಗೆ 5ರಿಂದ 10 ಮಿಲಿ ಕರೆಯಿರಿ. ಹಸುವಿನ ಗುರುತು, ಯಾವ ಮೊಲೆ, ತಾರೀಕು ಬರೆದು ಐಸ್ ಜೊತೆ ಅದೇ ದಿನ ತಲುಪಿಸಿ. ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ನಿಮಗೆ ಹತ್ತಿರದ ಲ್ಯಾಬ್ ಯಾವುದು ಎಂದು ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಕೇಳಿ. ವರದಿಗೆ ಎರಡು-ಮೂರು ದಿನ ಬೇಕು. ಯಾವ ಕ್ರಿಮಿ, ಯಾವ ಔಷಧಕ್ಕೆ ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ, ಎಲ್ಲ ಅದರಲ್ಲೇ ಇರುತ್ತದೆ.

ಒಂದು ಎಚ್ಚರಿಕೆ. ಹಾಲು ನೀರಿನಂತಾಗಿ, ಜ್ವರ ಬಂದು, ಹಸು ಮೇವು ಬಿಟ್ಟು ಮಲಗಿಬಿಟ್ಟರೆ ವರದಿಗೆ ಕಾಯಬೇಡಿ, ಟ್ಯೂಬ್ ತರಲೂ ಓಡಬೇಡಿ. ಅದು ಸಗಣಿಯಿಂದ ಬರುವ ಇ. ಕೋಲಿ ಎಂಬ ಕ್ರಿಮಿ ಇರಬಹುದು. ಅಲ್ಲಿ ಜೀವ ಉಳಿಸುವುದು ಡ್ರಿಪ್ ಮತ್ತು ಬಾವು ಇಳಿಸುವ ಚುಚ್ಚುಮದ್ದು. 1962ಕ್ಕೆ ಫೋನ್ ಮಾಡಿ, ಸಂಚಾರಿ ಪಶು ಚಿಕಿತ್ಸಾ ವಾಹನ ಬರುತ್ತದೆ.

ಈಗ ಟ್ಯೂಬ್ ಹಾಕುವ ಕ್ರಮ. ಒಂದೇ ಟ್ಯೂಬನ್ನು ಎರಡು ಮೊಲೆಗೆ ಅರ್ಧರ್ಧ ಹಂಚುವುದನ್ನು ಹಳ್ಳಿಗಳಲ್ಲಿ ತುಂಬಾ ನೋಡುತ್ತೇವೆ. ಹಾಗೆ ಮಾಡಿದರೆ ಎರಡು ಕಡೆಯೂ ಡೋಸ್ ಕಡಿಮೆ, ಮೇಲಾಗಿ ಒಂದರ ಸೋಂಕು ಇನ್ನೊಂದಕ್ಕೆ. ಮೊದಲು ಆ ಮೊಲೆಯ ಹಾಲನ್ನು ಪೂರ್ತಿ ಕರೆದು ಬರಿದು ಮಾಡಿ, ತುಂಬಿದ ಕೆಚ್ಚಲಲ್ಲಿ ಔಷಧ ನೀರಾಗಿಬಿಡುತ್ತದೆ. ಕೈ ಸೋಪಿನಿಂದ ತೊಳೆದು, ತೊಟ್ಟಿನ ತುದಿ ಸ್ಪಿರಿಟ್‌ನಿಂದ ಒರೆಸಿ. ಮೂತಿಯನ್ನು ಬುಡದ ತನಕ ತುರುಕಬೇಡಿ, ತುದಿಯ ಮೂರು-ನಾಲ್ಕು ಮಿಲಿಮೀಟರ್ ಒಳಹೋದರೆ ಸಾಕು. ತೊಟ್ಟಿನ ರಂಧ್ರದ ಒಳಗೋಡೆಗೆ ಮೇಣದಂಥ ಲೇಪ ಇರುತ್ತದೆ, ಅದು ಕ್ರಿಮಿ ತಡೆಯುವ ಬೇಲಿ. ಉದ್ದ ಮೂತಿ ಆ ಲೇಪವನ್ನು ಕೆರೆದು, ತುದಿಯ ಕೊಳೆಯನ್ನೂ ಒಳಕ್ಕೆ ನೂಕುತ್ತದೆ. ಔಷಧ ಬಿಟ್ಟ ಮೇಲೆ ಕೆಳಗಿನಿಂದ ಮೇಲಕ್ಕೆ ನೀವಿ. 12 ಗಂಟೆಗೊಮ್ಮೆಯೋ 24 ಗಂಟೆಗೊಮ್ಮೆಯೋ ಅನ್ನುವುದು ಲೇಬಲ್ ಮೇಲಿರುತ್ತದೆ, ಎಷ್ಟು ಟ್ಯೂಬ್ ಅನ್ನುವುದು ಡಾಕ್ಟರ ಚೀಟಿಯಲ್ಲಿ. ಹಾಲು ಬೆಳ್ಳಗಾಯಿತೆಂದು ನೀವಾಗಿ ನಿಲ್ಲಿಸಬೇಡಿ, ಇನ್ನೆರಡು ಇರಲಿ ಎಂದು ನೀವಾಗಿ ಸೇರಿಸಲೂ ಬೇಡಿ.

ಹಾಲಿನ ಪ್ರಶ್ನೆಗೆ ಬರೋಣ. ಲೇಬಲ್ ಮೇಲೆ ಹಾಲನ್ನು ಬಳಸದೆ ಬಿಡಬೇಕಾದ ಅವಧಿ ಬರೆದಿದ್ದರೆ ಅದೇ ಲೆಕ್ಕ. ಬರೆದಿಲ್ಲವಾದರೆ ನಮ್ಮ ದೇಶದ ಔಷಧ ನಿಯಮಗಳ ಪ್ರಕಾರ ಹಾಲಿಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ. ಎಣಿಕೆ ಶುರುವಾಗುವುದು ಕೊನೆಯ ಡೋಸ್‌ನಿಂದ. ಚುಚ್ಚುಮದ್ದೂ ಟ್ಯೂಬೂ ಎರಡೂ ಆಗಿದ್ದರೆ ಯಾವುದರ ಅವಧಿ ಮುಗಿಯುವುದು ತಡವೋ ಅದನ್ನು ಹಿಡಿಯಿರಿ. ಟ್ಯೂಬ್ ಹಾಕಿದ್ದು ಒಂದೇ ಮೊಲೆಗೆ ಆದರೂ ಬಿಡಬೇಕಾದ್ದು ನಾಲ್ಕರ ಹಾಲನ್ನೂ, ಏಕೆಂದರೆ ಔಷಧ ರಕ್ತದ ಮೂಲಕ ಉಳಿದವಕ್ಕೂ ಹೋಗುತ್ತದೆ.

"ಕಾಯಿಸಿದರೆ ಹೋಗಲ್ವಾ?" ಎಂದು ಕೇಳುವವರಿದ್ದಾರೆ. ಹೋಗುವುದಿಲ್ಲ. ಪೆನಿಸಿಲಿನ್ ಬಹುಪಾಲು ಕುದಿಯನ್ನೂ ತಡೆದುಕೊಳ್ಳುತ್ತದೆ. ಅಂಥ ಹಾಲು ಕಾಯಿಸಿ, ಆರಿಸಿ, ಹೆಪ್ಪು ಹಾಕಿ ನೋಡಿ: ಬೆಳಿಗ್ಗೆಗೂ ನೀರು ನೀರಾಗಿಯೇ ಇರಬಹುದು. ಹೆಪ್ಪಿನಲ್ಲಿರುವುದೂ ಬ್ಯಾಕ್ಟೀರಿಯಾವೇ, ಔಷಧ ಅದನ್ನು ಕೊಂದಿರುತ್ತದೆ. ಆದರೆ ಇದನ್ನೇ ಪರೀಕ್ಷೆ ಮಾಡಿಕೊಳ್ಳಬೇಡಿ, ಅಂಶ ಕಡಿಮೆ ಇದ್ದರೆ ಮೊಸರು ಗಟ್ಟಿಯಾಗಿಯೇ ಬರುತ್ತದೆ. ಆ ಹಾಲನ್ನು ಕರುವಿಗೂ ಕುಡಿಸಬೇಡಿ. ಕರುವಿನ ಹೊಟ್ಟೆಗೆ ಚೂರು ಚೂರು ಔಷಧ ಹೋಗುತ್ತಿದ್ದರೆ ಅಲ್ಲಿ ಉಳಿದು ಹೆಚ್ಚುವುದು ಔಷಧಕ್ಕೆ ಜಗ್ಗದ ಕ್ರಿಮಿಗಳು, ಸಗಣಿಯ ಮೂಲಕ ಅವು ಕೊಟ್ಟಿಗೆಗೆಲ್ಲ ಹರಡುತ್ತವೆ. ಬಾವಿಯಿಂದ ದೂರ ಗುಂಡಿ ತೆಗೆದು ಸುರಿಯಿರಿ. ನಷ್ಟ ನಿಜ, ಆದರೆ ಡೈರಿಯ ಟ್ಯಾಂಕಿನಲ್ಲಿ ಊರಿನವರ ಹಾಲೆಲ್ಲ ಒಂದಾಗುತ್ತದೆ.

ಮೆಡಿಕಲ್‌ನವರು "ಟ್ಯೂಬ್ ಬೇಡ, ಇದು ಸ್ಟ್ರಾಂಗು" ಎಂದು ಸೆಫ್ಟ್ರಯಾಕ್ಸೋನ್ ಇಂಜೆಕ್ಷನ್ ಕೊಡುವುದುಂಟು. ಮನೆಯಲ್ಲಿ ಯಾರಿಗಾದರೂ ಟೈಫಾಯ್ಡ್ ಜೋರಾದರೆ ಆಸ್ಪತ್ರೆಯಲ್ಲಿ ಕೊಡುವುದೂ ಅದನ್ನೇ. ಕೆಚ್ಚಲ ಕ್ರಿಮಿ ಅದನ್ನು ಸೋಲಿಸಲು ಕಲಿತರೆ, ಆ ಕಲಿಕೆಯ ಜೀನನ್ನು ಬೇರೆ ಜಾತಿಯ ಕ್ರಿಮಿಗಳಿಗೂ ದಾಟಿಸಬಲ್ಲದು. ಕೊಲಿಸ್ಟಿನ್ ಎಂಬ ಇನ್ನೊಂದು ಔಷಧವನ್ನು ಇದೇ ಭಯದಿಂದ ಸರ್ಕಾರ 2019ರಲ್ಲಿ ಕೋಳಿ, ದನಗಳಿಗೆ ಬಳಸದಂತೆ ನಿಷೇಧಿಸಿತು. ಕಲ್ಚರ್ ವರದಿ ಇಲ್ಲದೆ ಸೆಫ್ಟ್ರಯಾಕ್ಸೋನ್ ಕೇಳಬೇಡಿ.

ತರಿ ಈಗಷ್ಟೇ ಕಂಡು, ಹಸು ಚೆನ್ನಾಗಿ ಮೇಯುತ್ತಿದ್ದರೆ ರಾಷ್ಟ್ರೀಯ ಡೈರಿ ಮಂಡಳಿಯವರು ಪ್ರಚಾರ ಮಾಡುತ್ತಿರುವ ಲೇಪ ಹಚ್ಚಲು ನನ್ನ ಅಡ್ಡಿಯಿಲ್ಲ: ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ ರುಬ್ಬಿದರೆ ಕೆಂಪಗಾಗುತ್ತದೆ. ಸ್ವಲ್ಪ ನೀರಲ್ಲಿ ಕದಡಿ, ಕೆಚ್ಚಲು ತೊಳೆದು, ದಿನಕ್ಕೆ ಎಂಟು-ಹತ್ತು ಸಲ, ಐದು ದಿನ. ಕರೆಯುವ ಮುಂಚೆ ಪೂರ್ತಿ ತೊಳೆಯಿರಿ. ಮಾದರಿ ಮಾತ್ರ ಇದನ್ನು ಹಚ್ಚುವುದಕ್ಕೆ ಮೊದಲೇ ತೆಗೆದಿಡಿ.

ಉಳಿದ ಹಸುಗಳಲ್ಲಿ ಕಣ್ಣಿಗೆ ಕಾಣದ ಬಾವು ಇದೆಯೇ ನೋಡಲು 100 ಮಿಲಿ ನೀರಿಗೆ 3 ಗ್ರಾಂ ಬಟ್ಟೆ ಸೋಪಿನ ಪುಡಿ ಕಲಸಿ, ಪ್ರತಿ ಮೊಲೆಯ ಹಾಲಿಗೆ ಅಷ್ಟೇ ಪ್ರಮಾಣ ಸೇರಿಸಿ ಅಲ್ಲಾಡಿಸಿ. ಲೋಳೆಯಂತಾದರೆ ಸೋಂಕಿದೆ ಎಂದು ತಿಳಿಯಿರಿ. ಬಾವಿನ ಹಸುವನ್ನು ಕೊನೆಗೆ ಕರೆಯಿರಿ, ಅದರಲ್ಲೂ ಆ ಮೊಲೆಯನ್ನು ಎಲ್ಲಕ್ಕಿಂತ ಕೊನೆಗೆ. ಕರೆದ ಕೂಡಲೇ ಪ್ರತಿ ತೊಟ್ಟನ್ನೂ 0.5 ಶೇಕಡಾ ಪೊವಿಡೋನ್ ಅಯೋಡಿನ್ ದ್ರಾವಣದಲ್ಲಿ ಅದ್ದಿ, ಮುಂದೆ ಹಸಿಮೇವು ಹಾಕಿ ಅರ್ಧ ಗಂಟೆ ನಿಲ್ಲಿಸಿ. ಆ ಹೊತ್ತಿನಲ್ಲಿ ತೊಟ್ಟಿನ ರಂಧ್ರ ಇನ್ನೂ ತೆರೆದಿರುತ್ತದೆ, ಮಲಗಿದರೆ ಸಗಣಿ ನೇರ ತಾಗುತ್ತದೆ.

ವರದಿಯಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಬಂದರೆ ಈ ಸೂಲಿನಲ್ಲಿ ಮತ್ತೆ ಮತ್ತೆ ಟ್ಯೂಬ್ ಹಾಕಿ ದುಡ್ಡು ಕಳೆಯಬೇಡಿ. ಕರು ಹಾಕುವ 60 ದಿನ ಮುಂಚೆ ಹಾಲು ಬತ್ತಿಸುವಾಗ, ಕೊನೆಯ ಕರೆತದ ನಂತರ ಬತ್ತಿಸುವ ಕಾಲದ ಟ್ಯೂಬನ್ನು ಡಾಕ್ಟರ ಕೈಲೇ ಹಾಕಿಸಿ. ಔಷಧ ವಾರಗಟ್ಟಲೆ ಒಳಗೇ ನಿಲ್ಲುವುದರಿಂದ ಗೂಡಿಗೆ ಮುಟ್ಟುವ ಅವಕಾಶ ಆಗಲೇ ಹೆಚ್ಚು. ಅದಕ್ಕೂ ಬಗ್ಗದಿದ್ದರೆ ಆ ಮೊಲೆಯೊಂದನ್ನೇ ಶಾಶ್ವತವಾಗಿ ಬತ್ತಿಸಿ ಮೂರು ಮೊಲೆಯಲ್ಲಿ ಕರೆಯುವುದು ಒಳ್ಳೆಯದು.