ಟಗರಿನ ಕೊಂಬು, ಕಡೆಯ ತುತೂರಿ

ಪ್ರಶ್ನೆ: ಮಾನ್ಯರೇ, ಕನ್ನಡ ಬೈಬಲ್ ಓದುವಾಗ ಒಂದೆಡೆ ಕೊಂಬು ಎಂದೂ ಇನ್ನೊಂದೆಡೆ ತುತೂರಿ ಎಂದೂ ಕಾಣುತ್ತೇನೆ. ಇವು ಒಂದೇ ವಾದ್ಯವೇ? ಯೆರಿಕೋವಿನ ಗೋಡೆ ಬೀಳುವಾಗಲೂ ಸತ್ತವರು ಏಳುವ ದಿನದ ವರ್ಣನೆಯಲ್ಲೂ ಇದರ ಧ್ವನಿಯೇ ಏಕೆ ಬರುತ್ತದೆ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಒಂದೇ ಅಲ್ಲ. ಹೀಬ್ರೂ ಮೂಲದಲ್ಲಿ ಎರಡು ವಾದ್ಯಗಳಿವೆ, ಎರಡಕ್ಕೂ ಬೇರೆ ಹೆಸರುಗಳಿವೆ. ಬೆಳ್ಳಿಯನ್ನು ಬಡಿದು ಮಾಡಿದ್ದು ಹತ್ಸೋತ್ಸ್ರಾ. ಟಗರಿನ ಕೊಂಬಿನಿಂದ ಮಾಡಿದ್ದು ಶೋಫಾರ್. ಜನರನ್ನು ಕೂಡಿಸಲು, ಪಾಳೆಯ ಕೀಳುವಂತೆ ತಿಳಿಸಲು ಎರಡು ಬೆಳ್ಳಿಯ ತುತೂರಿಗಳನ್ನು ಮಾಡಿಸಬೇಕೆಂದೂ ಅವುಗಳನ್ನು ಯಾಜಕರೇ ಊದಬೇಕೆಂದೂ ಅರಣ್ಯಕಾಂಡದ 10ನೆಯ ಅಧ್ಯಾಯ ಹೇಳುತ್ತದೆ. ಕ್ರಿ.ಶ. 70ರಲ್ಲಿ ರೋಮನ್ನರು ಯೆರೂಸಲೇಮಿನ ದೇವಾಲಯವನ್ನು ನಾಶ ಮಾಡಿದರು. ರೋಮಿನಲ್ಲಿರುವ ಟೈಟಸ್ ಚಕ್ರವರ್ತಿಯ ಕಮಾನಿನ ಮೇಲೆ, ಅವರು ಮೆರವಣಿಗೆಯಲ್ಲಿ ಹೊತ್ತೊಯ್ದ ಕೊಳ್ಳೆಯ ದೃಶ್ಯದಲ್ಲಿ, ಏಳು ಕವಲಿನ ದೀಪಸ್ತಂಭದ ಜೊತೆಗೆ ನೀಳವಾದ ತುತೂರಿಗಳನ್ನೂ ಕೆತ್ತಲಾಗಿದೆ. ಬೆಳ್ಳಿಯ ತುತೂರಿ ದೇವಾಲಯದೊಂದಿಗೇ ಹೋಯಿತು. ಕೊಂಬಿಗೆ ದೇವಾಲಯವೂ ಬೇಡ, ಬೆಳ್ಳಿಯೂ ಬೇಡ. ಹಾಗಾಗಿ ಅದು ಇಂದಿಗೂ ಯೆಹೂದ್ಯರ ಸಭಾಮಂದಿರಗಳಾದ ಸಿನಗಾಗ್‌ಗಳಲ್ಲಿ ಉಳಿದಿದೆ.

ಎರಡೂ ಬೆರೆತುಹೋಗಲು ಭಾಷಾಂತರ ಕಾರಣ. ಹೀಬ್ರೂ ಗ್ರಂಥಗಳು ಗ್ರೀಕಿಗೆ ಬಂದಾಗ ಬಹುಪಾಲು ಕಡೆ ಎರಡಕ್ಕೂ ಸಾಲ್ಪಿಂಕ್ಸ್ ಎಂಬ ಒಂದೇ ಪದ ಬಂದಿತು, ಹೊಸ ಒಡಂಬಡಿಕೆಯ ಲೇಖಕರೂ ಅದನ್ನೇ ಬಳಸಿದರು. ಕನ್ನಡದಲ್ಲಿ ಪಶುವಿನ ತಲೆಯ ಮೇಲಿರುವುದೂ ಕೊಂಬೇ, ಜಾತ್ರೆಯಲ್ಲಿ ಊದುವುದೂ ಕೊಂಬೇ. ಆದ್ದರಿಂದ ಶೋಫಾರ್‌ಗೆ ಕೊಂಬು ಎಂಬುದೇ ನಮ್ಮಲ್ಲಿ ಒಪ್ಪುವ ಪದವೆಂದು ನನ್ನ ಅಭಿಪ್ರಾಯ. ಅದರ ಸಂಕೇತಗಳೆಲ್ಲವೂ ಅದು ಪ್ರಾಣಿಯ ಕೊಂಬು ಎಂಬುದರಲ್ಲಿಯೇ ಇವೆ.

ಕೊಂಬಿನೊಳಗಿನ ಎಲುಬನ್ನು ತೆಗೆದುಹಾಕಿದ ಮೇಲೂ ತುದಿ ಗಟ್ಟಿಯಾಗಿಯೇ ಉಳಿಯುತ್ತದೆ. ಅದನ್ನು ಕೊಯ್ದು, ಕೊರೆದು, ಒಳಗಿನ ಟೊಳ್ಳಿಗೆ ದಾರಿ ಮಾಡುತ್ತಾರೆ. ಬೆರಳಾಡಿಸಲು ರಂಧ್ರಗಳಿಲ್ಲ, ಆದ್ದರಿಂದ ಹೊರಡುವುದು ಎರಡೋ ಮೂರೋ ಸ್ವರ ಮಾತ್ರ. ಬಾಯಿಡುವ ಜಾಗಕ್ಕೆ ಚಿನ್ನ ಹೊದಿಸಿದ ಕೊಂಬು ಯೆಹೂದ್ಯರ ಹೊಸ ವರ್ಷದ ವಿಧಿಗೆ ಸಲ್ಲದು ಎನ್ನುತ್ತದೆ ಅವರ ಧರ್ಮಶಾಸ್ತ್ರ ಚರ್ಚೆಗಳ ಗ್ರಂಥವಾದ ತಾಲ್ಮುದ್. ಊದುವವನ ತುಟಿಗೂ ಕೊಂಬಿಗೂ ನಡುವೆ ಬೇರೇನೂ ಇರಬಾರದು. ಹಸುವಿನ ಕೊಂಬೂ ಸಲ್ಲದು, ಏಕೆಂದರೆ ಕ್ಷಮೆ ಬೇಡುವ ದಿನ, ಇಸ್ರಾಯೇಲ್ಯರು ಚಿನ್ನದ ಕರುವನ್ನು ಮಾಡಿ ಪೂಜಿಸಿದ ಪಾಪವನ್ನು ನೆನಪಿಸುವ ವಸ್ತುವನ್ನು ಹಿಡಿದು ನಿಲ್ಲುವುದು ತರವಲ್ಲ. ಟಗರಿನ ಕೊಂಬೇ ಏಕೆ ಎಂಬುದಕ್ಕೆ ತಾಲ್ಮುದಿನ ಧರ್ಮಗುರುಗಳಲ್ಲಿ ಒಬ್ಬರಾದ ರಬ್ಬಿ ಅಬ್ಬಾಹು ಕೊಟ್ಟ ಉತ್ತರ ಆದಿಕಾಂಡದ 22ನೆಯ ಅಧ್ಯಾಯಕ್ಕೆ ಹೋಗುತ್ತದೆ. ಅಬ್ರಹಾಮನು ಮಗ ಇಸಾಕನನ್ನು ಬಲಿಯಾಗಿ ಅರ್ಪಿಸಲು ಕತ್ತಿ ಎತ್ತಿದಾಗ ದೇವದೂತನು ತಡೆದನು, ಪೊದೆಯಲ್ಲಿ ಕೊಂಬು ಸಿಕ್ಕಿಕೊಂಡಿದ್ದ ಟಗರು ಮಗನ ಬದಲು ಬಲಿಯಾಯಿತು. ಕೊಂಬಿನ ಧ್ವನಿ ಕೇಳಿ ದೇವರು ಆ ದಿನವನ್ನು ನೆನೆಯಲಿ ಎಂಬುದು ಇಲ್ಲಿನ ಭಾವ.

ಸೀನಾಯಿ ಬೆಟ್ಟದ ಪ್ರಸಂಗದಲ್ಲಿ ಕೊಂಬನ್ನು ಊದುವ ಮನುಷ್ಯನೇ ಕಾಣುವುದಿಲ್ಲ. ಮನುಷ್ಯನು ಊದಿದರೆ ಉಸಿರು ಸೋತು ಧ್ವನಿ ಕುಗ್ಗಬೇಕು. ವಿಮೋಚನಕಾಂಡದ 19ನೆಯ ಅಧ್ಯಾಯದಲ್ಲಿ ಅದು ಬರಬರುತ್ತಾ ಹೆಚ್ಚುತ್ತದೆ. ಅಂದಿನಿಂದ ಕೊಂಬಿನ ಧ್ವನಿಯೆಂದರೆ ದೇವರು ಹತ್ತಿರ ಬಂದಿದ್ದಾನೆ ಎಂಬ ಸೂಚನೆ. ಯೆರಿಕೋವಿನಲ್ಲಿ ಏಳು ಯಾಜಕರು ಏಳು ಕೊಂಬುಗಳನ್ನು ಹಿಡಿದು, ದೇವರ ಸಾನ್ನಿಧ್ಯದ ಗುರುತಾದ ಪವಿತ್ರ ಪೆಟ್ಟಿಗೆಯಾದ ಮಂಜೂಷದ ಮುಂದೆ ನಡೆದದ್ದೂ ಇದೇ ಅರ್ಥದಲ್ಲಿ. ಆದರೆ ಯೆಹೆಜ್ಕೇಲನ 33ನೆಯ ಅಧ್ಯಾಯದಲ್ಲಿ ಅದು ಕಾವಲುಗಾರನ ಕೊಂಬು: ಕತ್ತಿ ಬರುವುದನ್ನು ಕಂಡೂ ಊದದಿದ್ದರೆ ಸತ್ತವರ ರಕ್ತಕ್ಕೆ ಅವನೇ ಹೊಣೆ.

ಎಲ್ಲಕ್ಕಿಂತ ನನ್ನ ಮನಸ್ಸನ್ನು ತಟ್ಟಿದ ವಿಷಯ ಬೇರೆಯದು. ಯೆಹೂದ್ಯರ ಹೊಸ ವರ್ಷದ ದಿನ ಊದಬೇಕಾದ ‘ತೆರುವಾ’ ಎಂಬ ಧ್ವನಿ ಹೇಗಿರಬೇಕೆಂದು ತಾಲ್ಮುದಿನ ಪಂಡಿತರು ಚರ್ಚಿಸುತ್ತಾರೆ. ಹೀಬ್ರೂವಿಗೆ ಹತ್ತಿರದ ಅರಮಾಯಿಕ್ ಭಾಷೆಯಲ್ಲಿ ಆ ಪದಕ್ಕೆ ಬಳಸುವ, ಅಳು ಎಂಬ ಅರ್ಥದ ಪದ ಅವರನ್ನು ನ್ಯಾಯಸ್ಥಾಪಕರು ಗ್ರಂಥದ 5ನೆಯ ಅಧ್ಯಾಯಕ್ಕೆ ಕರೆದೊಯ್ಯುತ್ತದೆ. ಅಲ್ಲಿ ಸೀಸೆರನ ತಾಯಿ, ಯುದ್ಧಕ್ಕೆ ಹೋದ ಮಗನ ರಥ ಇನ್ನೂ ಬರಲಿಲ್ಲವಲ್ಲ ಎಂದು ಕಿಟಕಿಯಲ್ಲಿ ನಿಂತು ಅಳುತ್ತಾಳೆ. ಅವಳ ಅಳು ನಿಟ್ಟುಸಿರಿನಂತಿತ್ತೋ, ಬಿಕ್ಕಳಿಕೆಯಂತಿತ್ತೋ? ತೀರ್ಮಾನವಾಗದೆ ರಬ್ಬಿ ಅಬ್ಬಾಹು ಎರಡನ್ನೂ ಊದುವಂತೆ ಕೈಸರೈಯ ಪಟ್ಟಣದಲ್ಲಿ ವಿಧಿಸಿದರು: ಮುರಿದ ಮೂರು ಸ್ವರಗಳು ನಿಟ್ಟುಸಿರಿಗೆ, ತುಂಡುತುಂಡಾದ ಒಂಬತ್ತು ಸ್ವರಗಳು ಬಿಕ್ಕಳಿಕೆಗೆ, ಹಿಂದೆ ಮುಂದೆ ಒಂದೊಂದು ನೇರವಾದ ದೀರ್ಘ ಸ್ವರ. ಸೀಸೆರನು ಇಸ್ರಾಯೇಲ್ಯರನ್ನು ಹಿಂಸಿಸಿದ ಸೇನಾಪತಿ ಎಂಬುದನ್ನು ಇಲ್ಲಿ ಮರೆಯಬಾರದು. ತಮ್ಮ ಅತಿ ಪವಿತ್ರವಾದ ಧ್ವನಿಯನ್ನು ಆ ಪಂಡಿತರು ಶತ್ರುವಿನ ತಾಯಿಯ ಅಳುವಿನಿಂದ ಕಲಿತರು. ನೂರು ಬಾರಿ ಊದುವ ಪದ್ಧತಿಯನ್ನೂ ಮಧ್ಯಯುಗದ ವ್ಯಾಖ್ಯಾನವೊಂದು ಅವಳ ನೂರು ಕೂಗಿಗೆ ಜೋಡಿಸುತ್ತದೆ.

ಈ ಹಿನ್ನೆಲೆಯಿಂದ ಹೊಸ ಒಡಂಬಡಿಕೆಗೆ ಬನ್ನಿ. ಅಶ್ಶೂರದಲ್ಲಿಯೂ ಐಗುಪ್ತದಲ್ಲಿಯೂ ಚದುರಿಹೋದವರು ದೊಡ್ಡ ಕೊಂಬಿನ ಧ್ವನಿಗೆ ಮರಳಿ ಬರುವರೆಂದು ಯೆಶಾಯನ 27ನೆಯ ಅಧ್ಯಾಯ ಹೇಳಿತ್ತು. ಮತ್ತಾಯನ 24ನೆಯ ಅಧ್ಯಾಯದಲ್ಲಿ ದೇವದೂತರು ಮಹಾಧ್ವನಿಯುಳ್ಳ ತುತೂರಿಯೊಡನೆ ಆಯ್ದುಕೊಂಡವರನ್ನು ನಾಲ್ಕು ದಿಕ್ಕುಗಳಿಂದ ಕೂಡಿಸುತ್ತಾರೆ. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯದಲ್ಲಿ ಕಡೆಯ ತುತೂರಿಗೆ ಸತ್ತವರು ಏಳುತ್ತಾರೆ. ಪೌಲನು ಯೆಹೂದ್ಯನು, ಕೊಂಬಿನ ಧ್ವನಿ ಅವನಿಗೆ ಹೊಸದಾಗಿರಲಾರದು. ಬೈಬಲಿನ ಕಡೆಯ ಗ್ರಂಥವಾದ ಪ್ರಕಟನೆಯ ಏಳು ತುತೂರಿಗಳಲ್ಲಂತೂ ಯೆರಿಕೋವಿನ ಏಳು ಕೊಂಬುಗಳ ನೆನಪು ಸ್ಪಷ್ಟವಾಗಿದೆ. ಅಲ್ಲಿ ಬಿದ್ದದ್ದು ಒಂದು ಪಟ್ಟಣ, ಇಲ್ಲಿ ಏಳನೆಯ ದೂತನು ಊದಿದಾಗ ಲೋಕದ ರಾಜ್ಯವೇ ದೇವರದಾಯಿತೆಂಬ ಘೋಷ ಕೇಳುತ್ತದೆ.

ಪ್ರಶ್ನೆ: ಜೂಬಿಲಿ ಎಂಬ ಪದಕ್ಕೂ ಈ ಕೊಂಬಿಗೂ ಸಂಬಂಧವಿದೆಯಂತೆ, ನಿಜವೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ನಿಜ. ಹೀಬ್ರೂವಿನ ‘ಯೋವೇಲ್’ ಎಂದರೆ ಟಗರು, ಅದರ ಕೊಂಬು. ಜೂಬಿಲಿಯ ಮೂಲ ಅದೇ. ಯಾಜಕಕಾಂಡದ 25ನೆಯ ಅಧ್ಯಾಯದ ಪ್ರಕಾರ ಐವತ್ತನೆಯ ವರ್ಷ ದೋಷಪರಿಹಾರಕ ದಿನದಂದು ದೇಶದಲ್ಲೆಲ್ಲಾ ಕೊಂಬನ್ನು ಊದಿಸಬೇಕು. ಆಗ ಮಾರಿದ ಹೊಲ ಮೂಲ ಮನೆತನಕ್ಕೆ ಮರಳಬೇಕು, ಬಡತನದಿಂದ ತನ್ನನ್ನೇ ಮಾರಿಕೊಂಡ ಇಸ್ರಾಯೇಲ್ಯನು ಮಕ್ಕಳೊಂದಿಗೆ ಬಿಡುಗಡೆ ಹೊಂದಿ ಮನೆಗೆ ಹೋಗಬೇಕು. ಕಥೋಲಿಕ ಸಭೆಯಲ್ಲಿ ಎಂಟನೆಯ ಬೋನಿಫಾಸ್ ಪೋಪರು 1300ರಲ್ಲಿ ಆರಂಭಿಸಿದ ಪವಿತ್ರ ವರ್ಷಕ್ಕೂ ಮುಂದೆ ಜೂಬಿಲಿ ಎಂಬ ಹೆಸರೇ ನಿಂತಿತು, 2025 ಸಹ ಅಂಥ ವರ್ಷವೇ. ಲೂಕನ 4ನೆಯ ಅಧ್ಯಾಯದಲ್ಲಿ ಯೇಸು ನಜರೇತಿನ ಸಭಾಮಂದಿರದಲ್ಲಿ ಎದ್ದುನಿಂತು, ಸೆರೆಯವರಿಗೆ ಬಿಡುಗಡೆಯಾಗುವುದೆಂಬ ಯೆಶಾಯನ ಮಾತನ್ನು ಓದುವ ಸಂದರ್ಭವನ್ನೂ ಇದರೊಂದಿಗೆ ಓದಿ ನೋಡಿ. ಯೆಶಾಯನು ಅಲ್ಲಿ ಬಿಡುಗಡೆಗೆ ಬಳಸಿದ ‘ದೆರೋರ್’ ಎಂಬ ಪದವೇ, ಯಾಜಕಕಾಂಡದಲ್ಲಿ ಕೊಂಬು ಊದಿದ ಮೇಲೆ ಸಾರಬೇಕಾದ ಪದವೂ ಆಗಿದೆ.