ಫೋನ್ ಮಾಡುವ ಸಾಲ, ಫೋನ್ ಮಾಡದ ಸಾಲ

ಹಳೆಯ ಸಾಲ, ಕೆಟ್ಟ ಸಿಬಿಲ್ (ಸಾಲ ಕಟ್ಟಿದ ದಾಖಲೆ ನೋಡಿ ಕೊಡುವ ಸ್ಕೋರ್), ದಿನಾ ಬರುವ ವಸೂಲಿ ಫೋನ್. ಈ ಮೂರನ್ನೂ ಹೊತ್ತುಕೊಂಡು ಸಲಹೆ ಕೇಳಲು ನನ್ನ ಬಳಿ ಬರುವವರು ಹೆಚ್ಚುತ್ತಲೇ ಇದ್ದಾರೆ, ಎಲ್ಲರೂ ಹೆಚ್ಚುಕಡಿಮೆ ಒಂದೇ ತಪ್ಪು ಮಾಡುವ ಹೊಸ್ತಿಲಲ್ಲಿ ನಿಂತಿರುತ್ತಾರೆ. ಅವರಲ್ಲಿ ಒಬ್ಬರ ವಿಷಯ ಬರೆಯುತ್ತಿದ್ದೇನೆ. ಹೆಸರು, ಓಣಿ, ಕೆಲವು ಮೊತ್ತಗಳನ್ನು ಬದಲಿಸಿದ್ದೇನೆ. ಬರೆದದ್ದನ್ನು ಅವರಿಗೆ ಓದಿ ಹೇಳಿ, ಒಪ್ಪಿಗೆ ಪಡೆದಿದ್ದೇನೆ.

ಶಾಂತಕ್ಕ ಅನ್ನೋಣ. ಹಳೇ ಹುಬ್ಬಳ್ಳಿ ಕಡೆಯವರು, ವಯಸ್ಸು ನಲವತ್ತೈದರ ಆಚೀಚೆ. ಮನೆಯಲ್ಲೇ ಖಡಕ್ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುತ್ತಾರೆ, ದಿನಕ್ಕೆ ಮುನ್ನೂರು. ರೊಟ್ಟಿ ಮಷೀನಿಗೆ ಕೇಂದ್ರದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಶೇಕಡಾ 35ರಷ್ಟು ಸಹಾಯಧನ ಸಿಗುತ್ತದೆಂದು ತಿಳಿದು ಅರ್ಜಿ ಹಾಕಿದ್ದರು. ಸಹಾಯಧನ ಬರಬೇಕಾದರೆ ಮೊದಲು ಬ್ಯಾಂಕು ಸಾಲ ಕೊಡಬೇಕು. ಸ್ಕೋರ್ 561 ಇದೆ, ಆಗುವುದಿಲ್ಲ ಎಂದು ಬ್ಯಾಂಕಿನವರು ಅರ್ಜಿ ತಿರುಗಿಸಿದ್ದರು.

ಅವರಿಗೆ ಕಾರಣ ಗೊತ್ತಿತ್ತು, ಅಥವಾ ಗೊತ್ತಿದೆ ಅಂದುಕೊಂಡಿದ್ದರು. ಹಿಂದೆ ಕೊಪ್ಪಿಕರ ರಸ್ತೆಯ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಗ ಪಗಾರದ ಖಾತೆಯ ಮೇಲೆ ಒಂದು ಕ್ರೆಡಿಟ್ ಕಾರ್ಡ್ ಸಿಕ್ಕಿತ್ತು. ಮಗನ ಅಪೆಂಡಿಕ್ಸ್ ಆಪರೇಷನ್ನಿಗೆ 38,000 ರೂಪಾಯಿ ಅದರಿಂದ ತೆಗೆದರು. ಅಂಗಡಿ ಮುಚ್ಚಿತು. ಕೊನೆಯ ಸಲ ಹಣ ಕಟ್ಟಿದ್ದು 2016ರಲ್ಲಿ. ಈಗ ಕೇಳುತ್ತಿರುವುದು 1,42,000.

ಮೊದಲ ಭೇಟಿಯಲ್ಲಿ ನಾನು ಯಾರಿಗೂ ಸಲಹೆ ಕೊಡುವುದಿಲ್ಲ. ಸಾಲಗಳ ಪೂರ್ತಿ ವರದಿ (ಕ್ರೆಡಿಟ್ ರಿಪೋರ್ಟ್) ತರಲು ಹೇಳುತ್ತೇನೆ. ನಮ್ಮ ದೇಶದಲ್ಲಿ ಈ ವರದಿ, ಸ್ಕೋರ್ ಸಿದ್ಧಪಡಿಸುವ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ನಾಲ್ಕು ಕಂಪನಿಗಳೂ ವರ್ಷಕ್ಕೊಂದು ಸಲ ಪೂರ್ಣ ವರದಿಯನ್ನು ಪುಕ್ಕಟೆ ಕೊಡಲೇಬೇಕು, ರಿಸರ್ವ್ ಬ್ಯಾಂಕಿನ ಆದೇಶ. ಸ್ಕೋರ್ ಒಂದೇ ನೋಡಿ ಔಷಧ ಹೇಳುವುದು, ಜ್ವರ ಎಷ್ಟಿದೆ ಎಂದು ಕೇಳಿ ಆಪರೇಷನ್ ಮಾಡಿದ ಹಾಗೆ.

ಎರಡನೆಯ ಭೇಟಿಗೆ ಅವರು ವರದಿಯ ಜೊತೆ ಒಂದು ಬಿಸ್ಕೆಟ್ ಡಬ್ಬಿ ತಂದರು. ಒಳಗೆ ಹಳೆಯ ರಸೀದಿಗಳು, ಬ್ಯಾಂಕಿನ ಪತ್ರಗಳು, ಮತ್ತು ಕರವಸ್ತ್ರದಲ್ಲಿ ಸುತ್ತಿದ ಎರಡು ಬಿಲ್ವಾರ ಬಳೆ. ಇಲ್ಲಿಂದ ಸೀದಾ ಅಡವಿಡಲು ಹೋಗುವವರಿದ್ದರು. ಉಗುರಿನ ಸಂದಿಯಲ್ಲಿ ಜೋಳದ ಹಿಟ್ಟು ಹಾಗೇ ಇತ್ತು, ಬೆಳಗಿನ ರೊಟ್ಟಿ ಮುಗಿಸಿ ಓಡಿ ಬಂದಿದ್ದರು.

ನಾವು ಮಾತಾಡುತ್ತಿರುವಾಗಲೇ ಕಾರ್ಡಿನ ವಸೂಲಿ ಫೋನ್ ಬಂತು. ಸ್ಪೀಕರಿಗೆ ಹಾಕಲು ಹೇಳಿದೆ. "ಇವತ್ತು ಸಂಜೀ ಒಳಗ ಎರಡು ಸಾವಿರ ಹಾಕ್ರಿ, ನಾಳೆ ನಿಮ್ಮ ಸಿಬಿಲ್ ಕ್ಲಿಯರ್ ಮಾಡಿಸ್ತೀನಿ" ಎಂದ ಆ ಹುಡುಗ. ಯಾವ ಕಂಪನಿಯ ಪರವಾಗಿ, ಖಾತೆ ನಂಬರ್ ಏನು, ಹಣ ಯಾವ ಖಾತೆಗೆ ಹೋಗುತ್ತದೆ, ಇದೆಲ್ಲ ಬರೆದ ಪತ್ರ ಕಂಪನಿಯಿಂದ ಬರುತ್ತದೆಯೇ ಎಂದು ಶಾಂತಕ್ಕನಿಂದ ಕೇಳಿಸಿದೆ. ಮೂರನೆಯ ಪ್ರಶ್ನೆಗೆ ಫೋನ್ ಇಟ್ಟ.

ಆಮೇಲೆ ನಾನು ಅವರಿಗೆ ಕಾಯ್ದೆ ಹೇಳಿದೆ. ಇಂಥ ಸಾಲದ ಬಗ್ಗೆ ದಾವೆ ಹೂಡಲು ಕಾಲಮಿತಿ ಕಾಯ್ದೆ (ಲಿಮಿಟೇಶನ್ ಆಕ್ಟ್) ಕೊಡುವ ಅವಧಿ ಮೂರು ವರ್ಷ. ಅವಧಿ ಮುಗಿಯುವ ಮೊದಲು ಸಾಲ ಒಪ್ಪಿ ಬರೆದುಕೊಟ್ಟರೆ, ಅಥವಾ ಒಂದಿಷ್ಟು ಹಣ ಕಟ್ಟಿದರೆ, ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಮುಗಿದ ಮೇಲೂ 'ಕೊಡುತ್ತೇನೆ' ಎಂದು ಬರೆದು ಸಹಿ ಹಾಕಿದರೆ ಆ ಮಾತಿಗೆ ಕಾನೂನಿನ ಬಲ ಬರುತ್ತದೆ. ಶಾಂತಕ್ಕ 2016ರ ನಂತರ ಕಟ್ಟಿಲ್ಲ, ಏನೂ ಬರೆದುಕೊಟ್ಟಿಲ್ಲ. ಆದ್ದರಿಂದ ಸಾಲ ಕೇಳುವವರು ಈಗ ಕೋರ್ಟಿಗೆ ಹೋದರೂ ಅವರ ದಾವೆ ಗೆಲ್ಲುವುದು ಕಷ್ಟ. ಆದರೆ ಸಾಲವೇನೂ ಸತ್ತಿಲ್ಲ, ವರದಿಯಲ್ಲಿ ಜೀವಂತ ಇದೆ.

ಅವರು ಬಹಳ ಹೊತ್ತು ಸುಮ್ಮನಿದ್ದರು. ನಂತರ ಹೇಳಿದ್ದನ್ನು ನಾನು ಆ ದಿನವೇ ಬರೆದಿಟ್ಟುಕೊಂಡೆ.

"ಮೇಡಂ, ಕೋರ್ಟ್ ಕೇಳೂದಿಲ್ಲ ಅಂತ ನಾ ಸುಮ್ನ ಕುಂದ್ರಲೇನ್ರಿ? ಮೂವತ್ತೆಂಟು ಸಾವಿರ ನಾ ತಗೊಂಡೇನ್ರಿ. ನನ್ನ ಮಗ ಅದರಾಗ ಉಳದಾನ. ಒಂದ್ ರೊಟ್ಟಿಗೆ ಎರಡ್ ರೂಪಾಯಿ ಉಳೀತೈತಿ ನಂಗ. ಅಂದ್ರ ಹತ್ತೊಂಬತ್ತು ಸಾವಿರ ರೊಟ್ಟಿ, ಎರಡು ತಿಂಗಳ ಕೆಲಸ. ಅದನ್ನ ಮಾಡಿ ಕೊಡ್ತೇನಿ. ಉಳದ ಒಂದು ಲಕ್ಷ ನಂದಲ್ರಿ. ಅದಕ್ಕ ನಾ ಆರ್ ತಿಂಗಳ ಒಲೀ ಮುಂದ ಕುಂದ್ರೂದಿಲ್ಲ."

ಮೂವತ್ತು ವರ್ಷ ಬ್ಯಾಂಕಿನ ಕೌಂಟರಿನ ಆ ಕಡೆ ಕೂತವಳು ನಾನು. ತನ್ನದೆಷ್ಟು, ತನ್ನದಲ್ಲದ್ದೆಷ್ಟು ಎಂದು ಇಷ್ಟು ಸ್ಪಷ್ಟವಾಗಿ ಹೇಳಿದ ಸಾಲಗಾರರನ್ನು ನೋಡಿರಲಿಲ್ಲ. ಅದರ ಮೇಲೆ ನಾನು ಅವರಿಗೆ ಹೇಳಬೇಕಿದ್ದ ಸುದ್ದಿ ಇನ್ನೂ ಕಹಿಯಾಗಿತ್ತು: "ಅಕ್ಕಾರ, ಈ ಬಿಲ್ವಾರ ಈ ಕಾರ್ಡಿಗೆ ಸುರೀಬ್ಯಾಡ್ರಿ. ನಿಮ್ಮನ್ನ ಈಗ ಮುಳುಗಸಾಕತ್ತಿದ್ದು ಇದಲ್ಲ."

ವರದಿಯ ನಾಲ್ಕನೆಯ ಪುಟದಲ್ಲಿ ಒಂದು ಗೂಡ್ಸ್ ಗಾಡಿಯ ಸಾಲ ಇತ್ತು. ಶಾಂತಕ್ಕನ ಹೆಸರಿನ ಮುಂದೆ 'ಗ್ಯಾರಂಟರ್'. ಬಾಕಿ ದಿನಗಳ ಕಾಲಮ್ಮಿನಲ್ಲಿ 67. ಮೈದುನ 2022ರಲ್ಲಿ ಗಾಡಿ ತೆಗೆದುಕೊಳ್ಳುವಾಗ ಇವರು ಸಹಿ ಹಾಕಿದ್ದರು. "ಅದು ಸಾಕ್ಷಿ ಸಹಿ ಅಂದಿದ್ದಾರಿ" ಎಂದರು. ಸಾಕ್ಷಿ ಬೇರೆ, ಜಾಮೀನು ಬೇರೆ. ಕಾಂಟ್ರಾಕ್ಟ್ ಕಾಯ್ದೆಯ 128ನೇ ಕಲಮಿನ ಪ್ರಕಾರ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಸಾಮಾನ್ಯವಾಗಿ ಅಷ್ಟೇ. ಮೊದಲು ಸಾಲಗಾರನನ್ನು ಕೇಳಿಯೇ ಬರಬೇಕೆಂದೇನಿಲ್ಲ. 67 ದಿನ ಎಂದರೆ ಮೂರು ಕಂತು ನಿಂತಿವೆ. 90 ದಾಟಿದರೆ ಅದು ಅನುತ್ಪಾದಕ ಸಾಲ, ಎನ್‌ಪಿಎ. ಇನ್ನು ಮೂರು ವಾರ ಉಳಿದಿತ್ತು. ಈ ಸಾಲದ ಬಗ್ಗೆ ಅವರಿಗೆ ಒಂದೇ ಒಂದು ಫೋನ್ ಬಂದಿರಲಿಲ್ಲ.

ಸಾಲಗಾರರು ಸದಾ ಗದ್ದಲ ಮಾಡುವವನ ಕಡೆಗೆ ಓಡುತ್ತಾರೆ. ಒಂಬತ್ತು ವರ್ಷದ ಹಿಂದಿನ ಗಾಯಕ್ಕಿಂತ ಈ ತಿಂಗಳು ತಪ್ಪಿದ ಕಂತು ಸ್ಕೋರಿಗೆ ಹೆಚ್ಚು ಹೊಡೆತ ಕೊಡುತ್ತದೆ. ಹೊಸ ಸಾಲ ಕೊಡುವ ಬ್ಯಾಂಕಿನವರೂ ಮೊದಲು ನೋಡುವುದು ಅದನ್ನೇ.

"ಅಂವಗ ಹ್ಯಾಂಗ ಕೇಳೂದ್ರಿ, ಮೈದುನ ಅದಾನ" ಎಂದು ಅವರು ಕಣ್ಣು ತುಂಬಿಕೊಂಡರು. ವಸೂಲಿಯವನ ಬೈಗುಳವನ್ನು ವರ್ಷಗಟ್ಟಲೆ ಸಹಿಸಿದ ಹೆಂಗಸಿಗೆ ಮನೆಯವನನ್ನು ಕಂತು ಕೇಳುವುದು ಅದಕ್ಕಿಂತ ದೊಡ್ಡ ಅವಮಾನವಾಗಿ ಕಂಡಿತ್ತು. ಆ ದಿನದ ಉಳಿದ ಒಂದು ತಾಸು ನಾವು ಸಿಬಿಲ್ ಬಗ್ಗೆ ಮಾತಾಡಲೇ ಇಲ್ಲ. ಮೈದುನನನ್ನು ಎಲ್ಲಿ, ಯಾರ ಎದುರಿಗೆ, ಯಾವ ಮಾತಿನಿಂದ ಕೇಳಬೇಕು ಅನ್ನುವುದೇ ಮಾತಾಯಿತು. ಜಗಳ ಬೇಡ, ವರದಿಯ ಆ ಪುಟವನ್ನು ಅವನ ಕೈಗೆ ಕೊಡಿ, ನಿಮ್ಮ ಮಷೀನ್ ಯಾಕೆ ಬರಲಿಲ್ಲವೆಂದು ಅವನೇ ಓದಲಿ ಎಂದೆ. ಹಾಗೇ ಮಾಡಿದರು. ಅಮರಗೋಳದ ಎಪಿಎಂಸಿಯಲ್ಲಿ ಅವನ ಗಾಡಿಗೆ ಬಾಡಿಗೆ ಕಡಿಮೆಯಾಗಿತ್ತು, ಅವನ ಮಗನ ಕಾಲೇಜು ಫೀಸಿಗೆ ಕಂತಿನ ಹಣ ಹೋಗಿತ್ತು. ಅತ್ತಿಗೆಯ ಹೆಸರಿಗೆ ಹತ್ತುತ್ತದೆಂದು ಅವನಿಗೂ ಗೊತ್ತಿರಲಿಲ್ಲ. ಆ ವಾರವೇ ಒಂದು ಕಂತು ಕಟ್ಟಿದ, ಉಳಿದದ್ದು ತಿಂಗಳೊಳಗೆ.

ಇನ್ನೊಂದು ನಮೂದು ಬರೀ ತಪ್ಪು. ತೀರಿಸಿದ ಬಂಗಾರದ ಸಾಲವೊಂದು ಚಾಲ್ತಿಯಲ್ಲಿದೆ ಎಂದು ತೋರಿಸುತ್ತಿತ್ತು. ಡಬ್ಬಿಯಲ್ಲಿ ರಸೀದಿ ಸಿಕ್ಕಿತು, ಸಿಬಿಲ್ ಜಾಲತಾಣದಲ್ಲಿ ತಕರಾರು ದಾಖಲಿಸಿದೆವು, ಸರಿಯಾಯಿತು. ಇದಕ್ಕೆ ಖರ್ಚಿಲ್ಲ. 30 ದಿನದೊಳಗೆ ಇತ್ಯರ್ಥ ಆಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮವಿದೆ. ಇಷ್ಟನ್ನೇ ಮಾಡಿಕೊಡಲು ಸಾವಿರಾರು ರೂಪಾಯಿ ಇಸಿದುಕೊಳ್ಳುವ 'ಸಿಬಿಲ್ ರಿಪೇರಿ'ಯವರನ್ನು ಕಂಡರೆ ನನ್ನ ಮೈ ಉರಿಯುತ್ತದೆ. ತಪ್ಪು ನಮೂದನ್ನು ನೀವೇ ತೆಗೆಸಬಹುದು, ನಿಜವಾದ ನಮೂದನ್ನು ಯಾರೂ ಅಳಿಸಲಾರರು.

ಕೊನೆಗೆ ಕಾರ್ಡ್. ವರದಿಯಲ್ಲಿ ಅದರ ಮುಂದೆ 'ರಿಟನ್ ಆಫ್' ಎಂದಿತ್ತು. ನಮ್ಮ ಕಡೆ ಇದನ್ನು ಸಾಲಮನ್ನಾ ಅಂದುಕೊಳ್ಳುವವರು ಬಹಳ. 2018ರ ಬೆಳೆಸಾಲ ಮನ್ನಾ ನೋಡಿದ ಜನ, ತಪ್ಪು ತಿಳಿಯುವುದು ಸಹಜ. ಬ್ಯಾಂಕು ತನ್ನ ಲೆಕ್ಕದ ಪುಸ್ತಕದಿಂದ ತೆಗೆದಿದೆ, ಅಷ್ಟೇ. ವಸೂಲಿಯ ಹಕ್ಕು ಬಿಟ್ಟಿಲ್ಲ. ಇಲ್ಲಿ ಆ ಹಕ್ಕನ್ನು ಒಂದು ಆಸ್ತಿ ಪುನರ್‌ರಚನಾ ಕಂಪನಿಗೆ, ಅಂದರೆ ಬ್ಯಾಂಕುಗಳ ಕೆಟ್ಟ ಸಾಲ ಕೊಳ್ಳುವ ಕಂಪನಿಗೆ, ಮಾರಿತ್ತು. ಹಾಗಾಗಿ ನಾವು ಬರೆದದ್ದು ಆ ಕಂಪನಿಗೆ, ಫೋನಿನ ಹುಡುಗನಿಗಲ್ಲ. ಪತ್ರದಲ್ಲಿ ಸಾಲ ಒಪ್ಪುವ ಮಾತು ಬರೆಯಲಿಲ್ಲ, ಇತ್ಯರ್ಥಕ್ಕೆ ಎಷ್ಟು ಎಂದಷ್ಟೇ ಕೇಳಿದೆವು. ಶಾಂತಕ್ಕ 38,000ಕ್ಕೆ ಗಟ್ಟಿಯಾಗಿ ನಿಂತರು, ಕಂಪನಿಯವರು 52,000ಕ್ಕೆ ಇಳಿದರು, ಕೊನೆಗೆ ಅಷ್ಟಕ್ಕೇ ಒಪ್ಪಂದವಾಯಿತು. ಮೊತ್ತ, ಕಂತಿನ ತಾರೀಖು, ಮುಗಿದ ಮೇಲೆ ಬಾಕಿ ಇಲ್ಲವೆಂಬ ಪತ್ರ ಕೊಡುವುದಾಗಿ ಬರೆದ ಕಾಗದ ಕೈಗೆ ಬಂದ ಮೇಲೆಯೇ ಮೊದಲ ಕಂತು ಹೋಯಿತು. ಮೂರು ಕಂತು, ಎಲ್ಲವೂ ರೊಟ್ಟಿಯ ಹಣದಿಂದ.

ಈ ಸಲಹೆಗೆ ನಾನು ಎರಡೂ ಕಡೆಯಿಂದ ಮಾತು ಕೇಳಿದ್ದೇನೆ. ಅವಧಿ ಮೀರಿದ ಸಾಲಕ್ಕೆ ಬಡವಳ ಕೈಯಿಂದ 52,000 ಯಾಕೆ ಕಟ್ಟಿಸಿದಿರಿ ಎಂದರು ಒಬ್ಬ ವಕೀಲರು. ಮೂರು ವರ್ಷದ ಮಾತು ಹೇಳಿ ಸಾಲ ಮುಳುಗಿಸಲು ಕಲಿಸುತ್ತೀರಿ ಎಂದರು ನನ್ನ ಜೊತೆ ಕೆಲಸ ಮಾಡಿದ ಅಧಿಕಾರಿಯೊಬ್ಬರು. ನಾನು ಕಟ್ಟಿಸಲಿಲ್ಲ, ಮುಳುಗಿಸಲೂ ಹೇಳಲಿಲ್ಲ. ಕಾಯ್ದೆ ಅವರ ಪಕ್ಷಕ್ಕಿದೆ ಎಂಬುದನ್ನು ಮುಚ್ಚಿಟ್ಟಿದ್ದರೆ ಅವರು ಹೆದರಿ 1,42,000 ಕಟ್ಟುತ್ತಿದ್ದರು. ಗೊತ್ತಾದ ಮೇಲೆ ಹೆದರಿಕೆಯಿಂದಲ್ಲ, ತಮ್ಮ ಮನಸ್ಸಿನಿಂದ ಕೊಟ್ಟರು. ಆ ವ್ಯತ್ಯಾಸ ಉಳಿಸುವುದೇ ನನ್ನ ಕೆಲಸ ಎಂದು ನಂಬಿದ್ದೇನೆ. ಕೊಡುವ ಮನಸ್ಸಿಲ್ಲ ಎಂದಿದ್ದರೂ ಅವರ ಜೊತೆಗೇ ನಿಲ್ಲುತ್ತಿದ್ದೆ.

ಇದರಲ್ಲಿ ಒಂದು ಕೊರತೆ ಇದೆ, ಅದನ್ನು ಮೊದಲೇ ಹೇಳಿದ್ದೆ. ಕಡಿಮೆ ಮೊತ್ತಕ್ಕೆ ಇತ್ಯರ್ಥ ಮಾಡಿಕೊಂಡರೆ ವರದಿಯಲ್ಲಿ 'ಕ್ಲೋಸ್ಡ್' ಎಂದು ಬರುವುದಿಲ್ಲ, 'ಸೆಟಲ್ಡ್' ಎಂದು ಬರುತ್ತದೆ. ಮುಂದಿನ ಬ್ಯಾಂಕು ಅದನ್ನು ಓದುತ್ತದೆ. ಪೂರ್ತಿ ಕಟ್ಟುವ ಶಕ್ತಿ ಇದ್ದವರಿಗೆ ನಾನು ಸೆಟಲ್‌ಮೆಂಟ್ ಹೇಳುವುದಿಲ್ಲ. ಇವರಿಗೆ ಆ ಶಕ್ತಿ ಇರಲಿಲ್ಲ, ಒಂದು ಪದ ಚೆಂದ ಕಾಣಲೆಂದು ನಡೆಯುತ್ತಿರುವ ಒಲೆ ಆರಿಸಲು ನಾನು ಒಪ್ಪಲಿಲ್ಲ.

ಮಷೀನ್ ಇನ್ನೂ ಬಂದಿಲ್ಲ. ಮರಳಿ ಅರ್ಜಿ ಹಾಕಲು ಒಂದಿಷ್ಟು ತಿಂಗಳು ತಡೆಯಲು ಹೇಳಿದ್ದೇನೆ. ಬಿಲ್ವಾರ ಕೈಯಲ್ಲಿವೆ. ಪ್ರತಿ ತಿಂಗಳು ಮೂರನೆಯ ತಾರೀಖು ಶಾಂತಕ್ಕ ಮೈದುನನಿಗೆ ಫೋನ್ ಮಾಡುತ್ತಾರೆ, ಕಂತು ಐದಕ್ಕೆ. ಅವನು ಕಟ್ಟಿದ ರಸೀದಿಯ ಫೋಟೊ ಕಳಿಸುತ್ತಾನೆ, ಇವರು ಅದನ್ನು ನನಗೂ ಕಳಿಸುತ್ತಾರೆ. ಹೋದ ತಿಂಗಳು ಅವರು ಮರೆತಿದ್ದರಂತೆ. ಅವನೇ ನೆನಪಿಟ್ಟು ನಾಲ್ಕಕ್ಕೇ ಕಟ್ಟಿದ್ದ.